ಮೂರು ಕೋಟಿನ ಜೀಪು

ಬೋಳು ಕಬ್ಬಿಣ ಕಣ್ಣಿಗೆ ಬಿತ್ತೆಂದರೆ ನಮ್ಮ ಪೇಂಟರನ ಕೈ ತಡೆಯುತ್ತಿರಲಿಲ್ಲ. ಗೇಟಾಗಲಿ, ಕಿಟಕಿಯ ಸರಳಾಗಲಿ, ಉಪ್ಪುಕಾಗದ ಹಿಡಿದು ಉಜ್ಜಬೇಕು, ಪ್ರೈಮರ್ ಬಳಿಯಬೇಕು, ಅದರ ಮೇಲೆ ಮೂರು ಕೋಟ್ ಬಣ್ಣ ಕೊಡಬೇಕು. ಎರಡು ಕೋಟ್ ಸಾಕೆಂದ ಯಜಮಾನರ ಜೊತೆ ಜಗಳವಾಡಿ ಕೆಲಸ ಬಿಟ್ಟು ಬಂದದ್ದೂ ಉಂಟು. ಬಣ್ಣ ಮುಟ್ಟದ ಜಾಗವೆಂದರೆ ತುಕ್ಕಿಗೆ ಮಣೆ ಹಾಕಿ ಕೂರಿಸಿದ ಹಾಗೆ ಎನ್ನುವುದು ಅವನ ವಾದ. ಅಂಥವನ ಕೈಗೆ ಹಳೇ ಜೀಪೊಂದು ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು.

ಜೀಪು ಬಂದದ್ದು ಶೋಕಿಗಲ್ಲ. ಹೆಂಡತಿ ಗುಡ್ಡದ ಮೇಲಿನ ಶಾಲೆಯಲ್ಲಿ ಟೀಚರು. ಬಸ್ಸು ಗುಡ್ಡದ ಬುಡದವರೆಗೆ ಮಾತ್ರ. ಅಲ್ಲಿಂದ ಮೇಲಕ್ಕೆ ಬರೀ ಕಲ್ಲು, ಗುಂಡಿ, ಕೊರಕಲು. ಮದುವೆಗೆ ಮುಂಚಿನಿಂದಲೂ ಆಕೆ ಅದನ್ನು ನಡೆದೇ ಹತ್ತಿದವಳು. ಈಗ ಮೊಣಕಾಲು ಮುಷ್ಕರ ಹೂಡಿತ್ತು. ಏರು ಹತ್ತಲೇಬಾರದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ ರಜೆ ಹಾಕಿ ಮನೆಯಲ್ಲಿ ಕೂತಿದ್ದಳು. ಹೆಡ್ ಮೇಡಂ ಒಳ್ಳೆಯವರೇ, ಆದರೆ ಟೀಚರಿಲ್ಲದ ತರಗತಿಯನ್ನು ಅವರಾದರೂ ಎಷ್ಟು ದಿನ ಸಂಭಾಳಿಸಿಯಾರು? "ತಿಂಗಳ ಕೊನೆಯೊಳಗೆ ಬರ್ತೀರೋ ಬಿಡ್ತೀರೋ ಹೇಳಿಬಿಡಿ" ಎಂದಿದ್ದರು. ಆಕೆಗೆ ಆ ಶಾಲೆಯೆಂದರೆ ಪ್ರಾಣ. ಬಿಡುವ ಮಾತು ಬಂದಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

"ಯಾಕೆ ಬಿಡ್ತೀಯ? ನಾನೇ ದಿನಾ ಕರ್ಕೊಂಡು ಹೋಗಿ ಬಿಡ್ತೀನಿ" ಎಂದ ಪೇಂಟರ್, ಹುಡುಕಾಡಿ, ನಾಲ್ಕೂ ಚಕ್ರ ಎಳೆಯುವ ಆ ಜೀಪನ್ನು ತಂದ. ತಂದ ದಿನ ಅದು ಚೆನ್ನಾಗಿಯೇ ಓಡುತ್ತಿತ್ತು. ನೋಡುವುದಕ್ಕೆ ಮಾತ್ರ ಕಜ್ಜಿ ಹಿಡಿದ ಎಮ್ಮೆಯ ಹಾಗಿತ್ತು.

"ಓಡ್ತಿದೆಯಲ್ಲ, ನಾಳೆಯಿಂದಲೇ ಹೋಗೋಣ ರೀ" ಎಂದಳು ಹೆಂಡತಿ.

"ಈ ಅವತಾರದಲ್ಲಾ? ಟೀಚರು ಗುಜರಿ ಗಾಡೀಲಿ ಬಂದ್ರು ಅಂತ ಮಕ್ಕಳು ನಗಲ್ವಾ? ಒಂದು ವಾರ ತಾಳು."

ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಜೀಪು ಬಿಚ್ಚಿಕೊಂಡಿತು. ಬಿಚ್ಚುವುದು, ಗುರುತು ಹಾಕಿಟ್ಟು ಮತ್ತೆ ಸೇರಿಸುವುದು ಅವನಿಗೂ ಬರುತ್ತಿತ್ತು. ಬ್ಯಾಟರಿ, ವೈರು, ಸ್ಟೇರಿಂಗಿನ ಕೆಳಗಿನ ಗೇರ್ ಡಬ್ಬ, ಎಲ್ಲವನ್ನೂ ಇಳಿಸಿ ಅಡಿಯ ಕಬ್ಬಿಣದ ಚೌಕಟ್ಟಾದ ಚಾಸಿಯ ಮೂಲೆಮೂಲೆಗೂ ಕುಂಚ ಆಡಿಸಿದ. ಯಾರಿಗೂ ಕಾಣದ ಕಡೆಗೂ ಮೂರು ಕೋಟ್. ವಾರವೆಂದದ್ದು ಎಳೆಯಿತು, ಬಣ್ಣ ಒಣಗಬೇಕಲ್ಲ. ಕೊನೆಗೆ ಕಡುಹಸಿರು ಜೀಪು ಕನ್ನಡಿಯಂತೆ ಹೊಳೆಯುತ್ತ ಅಂಗಳಕ್ಕಿಳಿದಾಗ ಬೀದಿಯವರೆಲ್ಲ ಬಂದು ಸವರಿ ನೋಡಿದರು.

ಕೀಲಿ ತಿರುಗಿಸಿದ. ಟಕ್ ಎಂದಿತು, ಅಷ್ಟೇ. ತಳ್ಳಿ ಸ್ಟಾರ್ಟ್ ಮಾಡಿದ ಮೇಲೆ ಇನ್ನೊಂದು ನಾಟಕ. ಹೆಡ್‌ಲೈಟ್ ಹಾಕಿದರೆ ವೈಪರ್ ನಿಲ್ಲುತ್ತದೆ. ಬಲಕ್ಕೆ ಸಿಗ್ನಲ್ ಕೊಟ್ಟರೆ ಎಲ್ಲ ದೀಪಗಳೂ ಕಣ್ಣು ಮಿಟುಕಿಸುತ್ತವೆ. ಹಾರನ್ ಒತ್ತಿದರೆ ಶೀತವಾದವನ ಗಂಟಲಿನ ಸದ್ದು. ಬ್ಯಾಟರಿ ಬದಲಾಯಿಸಿದ. ಸ್ವಿಚ್ಚು, ಬಲ್ಬು, ಫ್ಯೂಸು, ಒಂದಾದ ಮೇಲೊಂದು ಬದಲಾದವು. ಹೊಸದು ಹಾಕಿದ ದಿನ ಒಂಚೂರು ಪರವಾಗಿಲ್ಲ ಅನ್ನಿಸುತ್ತಿತ್ತು, ಮಾರನೆಯ ದಿನ ಮತ್ತದೇ ಟಕ್. ತಲೆ ಚಿಟ್ಟು ಹಿಡಿದುಹೋಯಿತು.

"ಮಾರಿದವನು ಟೋಪಿ ಹಾಕಿದ" ಎಂದು ಬೈದ. ಆಮೇಲೆ ಬ್ಯಾಟರಿ ಅಂಗಡಿಯವನನ್ನು ಬೈದ. ಬೈಯಲು ಯಾರೂ ಉಳಿಯದಿದ್ದಾಗ ಜೀಪಿನ ಚಕ್ರಕ್ಕೆ ಒದ್ದು, ತನ್ನ ಹೆಬ್ಬೆರಳನ್ನೇ ನೋಯಿಸಿಕೊಂಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಅಷ್ಟರಲ್ಲಿ ಸ್ಟೇರಿಂಗೂ ತಕರಾರು ತೆಗೆಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತೆ, ಇವನು ಎಡಕ್ಕೆಳೆದರೆ ಜೀಪು ಕ್ಷಣ ಹೊತ್ತು ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು. ಚಕ್ರದ ಕೀಲುಗಳನ್ನು ಬದಲಾಯಿಸಿದ, ಅಲೈನ್‌ಮೆಂಟ್ ಮಾಡಿಸಿದ. ಸರಿಹೋಯಿತೆಂದುಕೊಂಡು ಒಂದು ಬೆಳಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ಗುಡ್ಡ ಹತ್ತಿದ. ಅರ್ಧ ದಾರಿಯ ತಿರುವಿನಲ್ಲಿ ಸ್ಟೇರಿಂಗ್ ತಿರುಗಿತು, ಜೀಪು ತಿರುಗಲಿಲ್ಲ. ಬ್ರೇಕು ಹಿಡಿದದ್ದರಿಂದ ಬಚಾವಾದರು. ಮುಂದಿನ ಚಕ್ರದಿಂದ ಕೊರಕಲಿಗೆ ಒಂದು ಮೊಳವೂ ಇರಲಿಲ್ಲ.

ಹೇಗೋ ಮೆಲ್ಲಗೆ ಜೀಪು ಇಳಿಸಿಕೊಂಡು ಬಂದರು. ಮನೆಗೆ ಬಂದು ನೀರು ಕುಡಿದಾದ ಮೇಲೆ ಹೆಂಡತಿ ಹೇಳಿದಳು: "ನನ್ನ ತಮ್ಮನಿಗೆ ತೋರಿಸಿ. ಅವನ ಕೆಲಸವೇ ಅದು."

ಅದೊಂದನ್ನು ಮಾತ್ರ ಕೇಳಬೇಡ ಎಂಬಂತಿತ್ತು ಅವನ ಮುಖ. ಬಾಮೈದನ ಗ್ಯಾರೇಜು ಎರಡು ಬೀದಿಯ ಆಚೆಗೇ ಇತ್ತು. ಜೀಪು ಬಿಚ್ಚಿದ ದಿನವೇ ಅವನು ಬಂದು, "ಭಾವ, ಗಾಡಿಗೆ ಮೇಕಪ್ಪಾ?" ಎಂದು ಬೀದಿಯವರ ಮುಂದೆ ನಕ್ಕಿದ್ದ. ಈಗ ಅವನ ಬಾಗಿಲಿಗೆ ಹೋದರೆ ಜನ್ಮವಿಡೀ ಆಡಿಕೊಳ್ಳುತ್ತಾನೆ.

"ನಾನೇ ಸರಿಮಾಡ್ತೀನಿ ಕಣೇ. ಇನ್ನೇನು ಸಿಕ್ಕೇಬಿಡ್ತು."

"ತಿಂಗಳು ಮುಗೀತಾ ಬಂತು ರೀ."

"ಗೊತ್ತು ಅಂದೆನಲ್ಲ!"

ಗೊತ್ತಿದ್ದೂ ಸುಮ್ಮನೆ ದಿನ ಕಳೆದ. ತಿಂಗಳ ಕಡೆಯ ಬೆಳಗ್ಗೆ ಮತ್ತೆ ಟಕ್ ಎಂದಾಗ ಕೈಯಲ್ಲಿದ್ದ ಸ್ಪ್ಯಾನರನ್ನು ಮೂಲೆಗೆಸೆದು, ಇಬ್ಬರನ್ನು ಕರೆದು ಜೀಪು ತಳ್ಳಿಸಿಕೊಂಡು ಬಾಮೈದನ ಗ್ಯಾರೇಜಿಗೆ ಹೋದ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ?

ಬಾಮೈದ ಏನೂ ಬಿಚ್ಚಲಿಲ್ಲ. ದಪ್ಪನೆಯ ವೈರೊಂದರ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿಗೂ ಕಚ್ಚಿಸಿ, "ತಿರುಗಿಸಿ ಭಾವ" ಎಂದ. ಒಂದೇ ಏಟಿಗೆ ಸ್ಟಾರ್ಟಾಯಿತು. ಆಮೇಲೆ ಕೆಳಗೆ ಮಲಗಿ, ಸ್ಟೇರಿಂಗನ್ನು ಆಚೀಚೆ ಆಡಿಸಲು ಗ್ಯಾರೇಜಿನ ಕೆಲಸದವನಿಗೆ ಹೇಳಿದ.

"ಬನ್ನಿ, ನೀವೇ ನೋಡಿ."

ಪೇಂಟರ್ ಪಕ್ಕದಲ್ಲಿ ಅಂಗಾತ ಮಲಗಿ ನೋಡಿದ. ಮೇಲೆ ಕೆಲಸದವನು ಸ್ಟೇರಿಂಗ್ ತಿರುಗಿಸಿದಾಗ ಚಕ್ರಕ್ಕಿಂತ ಮೊದಲು ಗೇರ್ ಡಬ್ಬವೇ ಚಾಸಿಯ ಮೇಲೆ ಅಲುಗುತ್ತಿತ್ತು.

"ಡಬ್ಬ ಕೂರೋ ಜಾಗಕ್ಕೂ ಬಳಿದಿದ್ದೀರಿ. ಮೂರು ಕೋಟ್ ಮೇಲೆ ಬೋಲ್ಟ್ ಬಿಗಿದ್ರೆ ಒಳಗಿನ ಬಣ್ಣ ನುಜ್ಜಾಗುತ್ತೆ, ಬೋಲ್ಟ್ ಸಡಿಲ ಆಗುತ್ತೆ. ಬ್ಯಾಟರಿ ಅರ್ತ್ ವೈರ್ ಕೂರೋ ಜಾಗಕ್ಕೂ ಬಣ್ಣವೇ. ಕರೆಂಟ್ ವಾಪಸ್ ಹೋಗೋಕೆ ದಾರಿ ಬೇಕಲ್ಲ? ಕೆಲವು ಕಡೆ ಕಬ್ಬಿಣ ಕಬ್ಬಿಣವನ್ನ ಮುಟ್ಟಲೇಬೇಕು ಭಾವ."

ನಗುತ್ತಾನೆಂದು ಪೇಂಟರ್ ಕಾದ. ಬಾಮೈದ ನಗಲಿಲ್ಲ. ಬ್ಲೇಡು ತಂದು ಕೈಗಿಟ್ಟ. ನಕ್ಕಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ತಾನೇ ಹಚ್ಚಿದ ಬಣ್ಣವನ್ನು ತಾನೇ ಕೆರೆದ. ಮಾಡಿದ್ದುಣ್ಣೋ ಮಹಾರಾಯ. ಬೋಳು ಕಬ್ಬಿಣ ಕಾಣಿಸುವವರೆಗೆ ಕೆರೆದು, ವೈರು ಕೂರಿಸಿ, ಡಬ್ಬ ಬಿಗಿದು, ಮಧ್ಯಾಹ್ನದ ಹೊತ್ತಿಗೆ ಸರಾಗವಾಗಿ ಓಡುವ ಜೀಪಿನಲ್ಲಿ ಮನೆಗೆ ಬಂದ. ಹಾರನ್ ಬಾರಿಸಿಕೊಂಡೇ ಬಂದ.

ಹೆಂಡತಿ ಜಗಲಿಯಲ್ಲಿ ಕೂತಿದ್ದಳು. "ಬೆಳಗ್ಗೆ ಮೇಡಂಗೆ ಹೇಳಿಬಿಟ್ಟೆ ರೀ, ಬರೋಕಾಗಲ್ಲ ಅಂತ."

"ಸರಿಹೋಯ್ತು ಕಣೇ! ಮತ್ತೆ ಫೋನ್ ಮಾಡು, ಬರ್ತೀನಿ ಅನ್ನು."

"ನನ್ನ ಜಾಗಕ್ಕೆ ಬಾ ಅಂತ ಯಾರೋ ಹುಡುಗಿಗೆ ಆಗಲೇ ಹೇಳಿಯಾಗಿದೆ. ಅವಳ ಅನ್ನ ಕಿತ್ಕೊಳ್ಳಲಾ?" ಜೀಪಿನ ಕಡೆ ನೋಡಿ ಕೇಳಿದಳು, "ಏನಾಗಿತ್ತಂತೆ?"

"ಬಣ್ಣ" ಎಂದ. ಮುಚ್ಚಿಡದೆ ಎಲ್ಲವನ್ನೂ ಹೇಳಿದ.

"ನನ್ನ ಕಾಲಿಗೆ ಅಂತ ತಂದ ಗಾಡಿ ರೀ ಅದು. ನೋಡೋಕೆ ಅಂತಲ್ಲ." ಎದ್ದು ಚಪ್ಪಲಿ ಮೆಟ್ಟಿದಳು. "ಹೋಗಲಿ, ಒಂದ್ಸಲ ಮೇಲೆ ಕರ್ಕೊಂಡು ಹೋಗಿ. ಮಕ್ಕಳಿಗೆ ನಾನೇ ಹೇಳಿ ಬರ್ತೀನಿ."

ಜೀಪು ಗುಡ್ಡವನ್ನು ಸಲೀಸಾಗಿ ಹತ್ತಿತು. ಆಕೆ ತರಗತಿಯೊಳಗೆ ಹೋದಳು. ಇವನು ಗೇಟಿನ ಬಳಿ ಸೀಟಿನಲ್ಲೇ ಕೂತ. ಒಳಗೆ ಮೊದಲು ಗದ್ದಲ, ಆಮೇಲೆ ಸದ್ದೇ ಇಲ್ಲ. ಬಹಳ ಹೊತ್ತಿನ ಮೇಲೆ ಆಕೆ ತನ್ನ ಕುರ್ಚಿಯ ಮೆತ್ತೆ ಹಿಡಿದುಕೊಂಡು ಹೊರಬಂದು, ಕುಂಟುತ್ತ ಹತ್ತಿ ಕೂತಳು. ಕಣ್ಣು ಕೆಂಪಾಗಿತ್ತು.

ಅವನು ಜೀಪನ್ನು ಇಳಿಜಾರಿಗೆ ಬಿಟ್ಟ. ಎಡಕ್ಕೆ ತಿರುಗಿಸಿದರೆ ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ, ಜೀಪು ಹೇಳಿದ ಮಾತು ಕೇಳುತ್ತಿತ್ತು. ಎಲ್ಲಾದರೂ ಒಂದು ದೀಪ ಆರಲಿ, ಸ್ಟೇರಿಂಗ್ ಒಮ್ಮೆ ತಪ್ಪಲಿ ಎಂದು ಅವನು ಕಾದ. ಏನಾದರೂ ಕೆಟ್ಟಿದ್ದರೆ ಬೈಯುವುದಕ್ಕೆ ಒಂದು ಸಿಗುತ್ತಿತ್ತು. ಏನೂ ಕೆಡಲಿಲ್ಲ.