ಹುಣಸೆಹಣ್ಣಿನಲ್ಲಿ ಬೆಳಗಿದ ಮೆಮರಿ

ನಮ್ಮ ಮನೆಯವರಿಗೆ ಒಂದು ಕಾಯಿಲೆ ಇತ್ತು, ಈಗಲೂ ಇದೆ. ಯಾವ ಯಂತ್ರವನ್ನು ಕಂಡರೂ ಅದು ಇನ್ನೂ ಬೇಗ ಓಡಬಲ್ಲದು ಎಂದು ಅವರಿಗೆ ಅನ್ನಿಸುತ್ತದೆ. ಮದುವೆಯಾಗಿ ನಾನು ಚೆಂಬೂರಿನ ಮನೆಗೆ ಬಂದ ಹೊಸದರಲ್ಲೇ ಹೊಲಿಗೆ ಮಿಶನ್ನಿಗೆ ಎಲ್ಲಿಂದಲೋ ಒಂದು ಮೋಟರು ತಂದು ಕೂರಿಸಿದರು. ಸೂಜಿ ನನ್ನ ಬೆರಳಿಗಿಂತ ಮುಂದೆ ಓಡಿ, ರವಿಕೆಯ ತೋಳು ಕುತ್ತಿಗೆಗೆ ಸೇರಿಕೊಂಡಿತು. ಅವರು ಕೈಯಾಡಿಸಿದ ಮೇಲೆ ನಮ್ಮ ಟೇಬಲ್ ಫ್ಯಾನು ಗಾಳಿ ಬೀಸುತ್ತಲೇ ಟೇಬಲ್ಲಿನ ಅಂಚಿನವರೆಗೆ ನಡೆದುಬಿಡುತ್ತಿತ್ತು. ಕಾರ್ಖಾನೆಯೊಂದರಲ್ಲಿ ದಿನವಿಡೀ ಗೇಜು, ಮೀಟರು ರಿಪೇರಿ ಮಾಡಿ ಬಂದವರು ಮನೆಯಲ್ಲಾದರೂ ಸುಮ್ಮನಿರಬಾರದೇ? ಇರುತ್ತಿರಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮದುವೆಗೆ ಮುಂಚೆ ನಾನು ಮಾಟುಂಗದ ಒಂದು ಪ್ರೆಸ್ಸಿನಲ್ಲಿ ಕನ್ನಡ ಪ್ರೂಫ್ ನೋಡುತ್ತಿದ್ದೆ. ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಜೋಡಿಸಬಹುದು ಎಂದು ಗೊತ್ತಾದ ದಿನದಿಂದ ನನಗೆ ಅದೇ ಹುಚ್ಚು. ಕೊನೆಗೆ ಯಾವುದೋ ಆಫೀಸಿನವರು ಹಳತಾಯಿತೆಂದು ತೆಗೆದುಹಾಕಿದ ಒಂದು ತ್ರೀ ಎಯ್ಟಿ ಸಿಕ್ಸ್ ಕಂಪ್ಯೂಟರನ್ನು ಪ್ರಿಂಟರಿನ ಸಮೇತ ಇವರು ಟ್ಯಾಕ್ಸಿಯಲ್ಲಿ ಹೇರಿಕೊಂಡು ಬಂದರು. ಅದನ್ನು ಇಡಲು ನಮ್ಮ ಮನೆಯಲ್ಲಿದ್ದ ಜಾಗ ಒಂದೇ: ಹಾಲಿನ ಕಿಟಕಿಯ ಪಕ್ಕ, ಊಟವಾದ ಮೇಲೆ ಅತ್ತೆ ಕಾಲು ಚಾಚುತ್ತಿದ್ದ ದಿವಾನಿನ ಜಾಗ.

ದಿವಾನು ಒಳಗಿನ ಕೋಣೆಗೆ ಹೋಯಿತು. ಅತ್ತೆ ಜಗಳವಾಡಲಿಲ್ಲ. ಮೈಸೂರು ಕಡೆಯವರು, ದನಿ ಏರಿಸುವುದು ಅವರ ಜಾಯಮಾನದಲ್ಲೇ ಇಲ್ಲ. "ಈ ಕೆಲಸ ನಿನ್ನ ಕೈ ಹಿಡಿದ್ರೆ ಇರಲಮ್ಮ. ಹಿಡೀದಿದ್ರೆ ನನ್ನ ಕಿಟಕಿ ನನಗೆ ವಾಪಸ್ ಕೊಟ್ಬಿಡು" ಎಂದರು, ಅಷ್ಟೇ. ಅದು ಜಗಳಕ್ಕಿಂತ ಹೆಚ್ಚು ಚುಚ್ಚಿತು. ಈ ಯಂತ್ರ ಇಲ್ಲೇ ಉಳಿಯುವಂತೆ ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದೆ.

ಮೊದಲ ದೊಡ್ಡ ಕೆಲಸ ಬಂದದ್ದು ಅದೇ ಹಳೆಯ ಪ್ರೆಸ್ಸಿನಿಂದ. ಒಂದು ಕನ್ನಡ ಸಂಘದ ಸ್ಮರಣ ಸಂಚಿಕೆ, ತುಂಬಾ ಫೋಟೋಗಳು. ಪ್ರೆಸ್ಸಿನ ಯಜಮಾನರು ಉಡುಪಿ ಕಡೆಯವರು. "ನೋಡಿ ಮಾರಾಯ್ರೆ, ಮುಂದಿನ ವಾರ ಬುಧವಾರ ಸಂಜೆಗೆ ಪೇಜು ಎಲ್ಲ ನನ್ನ ಕೈಯಲ್ಲಿ ಇರಬೇಕು. ಅದು ಆದ್ರೆ ಇನ್ನು ಮೇಲೆ ಕನ್ನಡದ್ದೆಲ್ಲ ನಿಮಗೇ. ಆಗದಿದ್ರೆ ಬೇಜಾರು ಮಾಡ್ಬೇಡಿ, ನಾನು ಪುನಃ ಅಚ್ಚಿನ ಮೊಳೆಯವರ ಹತ್ರವೇ ಹೋಗ್ತೇನೆ" ಎಂದರು.

ಬರೀ ಅಕ್ಷರದ ಪುಟಗಳು ಸಲೀಸಾಗಿ ಆದವು. ಫೋಟೋ ಇರುವ ಪುಟಕ್ಕೆ ಬಂದ ಕೂಡಲೇ ಯಂತ್ರ "ಮೆಮರಿ ಸಾಲದು" ಎಂದು ಮುಷ್ಕರ ಹೂಡಿತು. ಅದರಲ್ಲಿದ್ದದ್ದು ಒಂದೇ ಎಂಬಿ. ಅವತ್ತು ಬುಧವಾರ. ಇವರು ಕಂಪ್ಯೂಟರ್ ಬಿಡಿಭಾಗ ಮಾರುವ ಲ್ಯಾಮಿಂಗ್ಟನ್ ರೋಡಿಗೆ ಅವತ್ತೇ ಹೋಗಿ ಬಳಸಿದ ಮೆಮರಿ ಪಟ್ಟಿಗಳನ್ನು ನಾಲ್ಕು ತಂದರು. ಒಂದೊಂದೂ ಬೆರಳುದ್ದ, ಅಂಚಿಗೆ ಯಂತ್ರಕ್ಕೆ ಕಚ್ಚಿಕೊಳ್ಳುವ ಲೋಹದ ಹಲ್ಲುಗಳು, ಒಂದೊಂದರಲ್ಲೂ ಒಂದು ಎಂಬಿ. ನಾಲ್ಕನ್ನೂ ಒಟ್ಟಿಗೇ ಹಾಕಬೇಕು. ಒಂದು ಕೈಕೊಟ್ಟರೂ ಉಳಿದ ಮೂರು ಲೆಕ್ಕಕ್ಕಿಲ್ಲ. ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಾಗ ಇವರು ಯಂತ್ರದ ಮುಚ್ಚಳ ತೆಗೆದು ಎಲ್ಲವನ್ನೂ ಕೂರಿಸಿ "ಬಾ ಬಾ, ನೋಡು" ಎಂದು ಕರೆದರು.

ಆಗಿನ ಯಂತ್ರಗಳು ಸ್ವಿಚ್ ಹಾಕಿದ ಕೂಡಲೇ ತಮ್ಮ ಮೆಮರಿಯನ್ನು ತಾವೇ ಟಿಕ್ ಟಿಕ್ ಎಂದು ಎಣಿಸಿ ತೋರಿಸುತ್ತಿದ್ದವು. ಒಂದು ಎಂಬಿಗೆ ಅದರ ಲೆಕ್ಕ ಸಾವಿರದ ಇಪ್ಪತ್ತನಾಲ್ಕು; ಹಳೆಯದು, ಹೊಸದು ಸೇರಿ ಐದು ಸಾವಿರದ ನೂರಿಪ್ಪತ್ತರವರೆಗೆ ಹೋಗಬೇಕು. ಸಾವಿರದ ಇಪ್ಪತ್ತನಾಲ್ಕಕ್ಕೆ ನಿಂತುಬಿಟ್ಟಿತು. ಆರಿಸಿ ಹಾಕಿದೆವು. ಅದೇ ಸಾವಿರದ ಇಪ್ಪತ್ತನಾಲ್ಕು. ಹೊಸ ನಾಲ್ಕು ಪಟ್ಟಿಗಳು ಇವೆ ಎಂಬುದೇ ಅದಕ್ಕೆ ತಿಳಿದಿರಲಿಲ್ಲ.

ಮರುದಿನ ಗುರುವಾರ. ಇವರಿಗೆ ಡ್ಯೂಟಿ. ಪಟ್ಟಿಗಳನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ನಾನೇ ಲೋಕಲ್ ರೈಲು ಹತ್ತಿ ಅಂಗಡಿಗೆ ಹೋದೆ. ಅಂಗಡಿಯವನು ತನ್ನ ಯಂತ್ರಕ್ಕೆ ಸಿಕ್ಕಿಸಿದ, ಅಲ್ಲಾಡಿಸಿದ, ತೆಗೆದು ಮತ್ತೆ ಸಿಕ್ಕಿಸಿದ. ಮೂರನೆಯ ಸಲ ಎಣಿಕೆ ಪೂರ್ತಿ ಬಂತು. "ದೇಖಾ ಭಾಭೀ? ಮಾಲ್ ಏಕ್‌ದಮ್ ಬರಾಬರ್ ಹೈ. ಗಡ್‌ಬಡ್ ಆಪ್‌ಕೆ ಮಶೀನ್ ಮೇ ಹೈ" ಎಂದು ತಪ್ಪನ್ನು ನನ್ನ ಯಂತ್ರದ ಮೇಲೆ ಹಾಕಿ ನನ್ನ ಕರ್ಚೀಫನ್ನು ನನಗೇ ಕೊಟ್ಟ. ಮನೆಗೆ ಬಂದು ಹಾಕಿದರೆ ಮತ್ತೆ ಅದೇ ಹಾಡು. ಸಿಟ್ಟಿನಲ್ಲಿ ನಾಲ್ಕನ್ನೂ ಕಿತ್ತು ಊಟದ ಮೇಜಿನ ಮೇಲೆ ಪೇಪರು ಹಾಸಿ ಇಟ್ಟು, ಒಳಗೆ ಹೋಗಿ ಬೋರಲು ಬಿದ್ದುಕೊಂಡೆ.

ಎದ್ದಾಗ ಮೂರು ಗಂಟೆ. ಮೇಜು ಖಾಲಿ.

ನಮ್ಮಲ್ಲಿ ಶುಕ್ರವಾರದ ಪೂಜೆಗೆ ಗುರುವಾರವೇ ದೀಪದ ಕಂಬ, ಆರತಿ ತಟ್ಟೆ, ಪಂಚಪಾತ್ರೆ ಎಲ್ಲ ಬೆಳಗಬೇಕು. ಚೆಂಬೂರಿನ ಗಾಳಿಗೆ ಬೆಳ್ಳಿ, ಹಿತ್ತಾಳೆ ವಾರದಲ್ಲಿ ಕಪ್ಪಿಡುತ್ತಿದ್ದವು. ಅತ್ತೆ ನೆನೆಸಿದ ಹುಣಸೆಹಣ್ಣು ಹಿಡಿದು ಕುಳಿತರೆ ಅರ್ಧ ಗಂಟೆಯಲ್ಲಿ ಎಲ್ಲವೂ ಫಳಫಳ. ಅವತ್ತು ಕಿಟಕಿಯ ಗ್ರಿಲ್ಲಿನಲ್ಲಿ ಬೆಳಗಿದ ಸಾಮಾನನ್ನು ಬಿಸಿಲಿಗೆ ಬೋರಲು ಹಾಕಿದ್ದರು. ಆರತಿ ತಟ್ಟೆಯ ಪಕ್ಕದಲ್ಲಿ, ಸಂಡಿಗೆ ಒಣಹಾಕುವ ಬಟ್ಟೆಯ ಮೇಲೆ, ನನ್ನ ನಾಲ್ಕು ಮೆಮರಿ ಪಟ್ಟಿಗಳು ಸಾಲಾಗಿ ಮಲಗಿದ್ದವು.

"ಅತ್ತೆ! ಏನ್ ಮಾಡಿದ್ರಿ ಇದು?"

"ಅಂಚಿನ ಹಲ್ಲೆಲ್ಲ ಕಪ್ಪು ಹಿಡಿದಿತ್ತು ಕಣೇ. ಹುಣಸೆಹಣ್ಣಲ್ಲಿ ಮೆಲ್ಲಗೆ ಉಜ್ಜಿದೆ. ಮೂರು ನೀರಲ್ಲಿ ತೊಳೆದಿದೀನಿ, ಹುಳಿ ಒಂಚೂರೂ ಉಳಿದಿಲ್ಲ."

ನಾನು ಕೂಗಾಡಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಇದು ದೇವರ ಪಾತ್ರೆಯಲ್ಲ, ಕೆಲಸ ಹೋಯಿತು, ನಿಮಗೆ ಬೇಕಾಗಿದ್ದೂ ಅದೇ ತಾನೇ, ಎಂಬ ಕೊನೆಯ ಮಾತು ಮಾತ್ರ ಚೆನ್ನಾಗಿ ನೆನಪಿದೆ. ಅತ್ತೆ ಕೈ ತೊಳೆದುಕೊಂಡು ಒಳಗೆ ಹೋದರು.

ಶುಕ್ರವಾರ ಬೆಳಿಗ್ಗೆ, ಇನ್ನು ಕಳೆದುಕೊಳ್ಳುವುದೇನಿದೆ ಎಂದು ಇವರು ಒಣಗಿದ ಪಟ್ಟಿಗಳನ್ನು ಸಿಕ್ಕಿಸಿ ಸ್ವಿಚ್ ಒತ್ತಿದರು. ಎಣಿಕೆ ಸಾವಿರದ ಇಪ್ಪತ್ತನಾಲ್ಕಕ್ಕೆ ಬಂತು. ನಿಲ್ಲಲಿಲ್ಲ! ಎರಡು ಸಾವಿರ, ಮೂರು ಸಾವಿರ, ನಾಲ್ಕು ಸಾವಿರ... ಇವರು ಕ್ರಿಕೆಟ್ ಕಾಮೆಂಟರಿಯವರಂತೆ ಕೂಗಿ ಹೇಳುತ್ತಿದ್ದರು. ಐದು ಸಾವಿರದ ನೂರಿಪ್ಪತ್ತು! ಕೈಯಲ್ಲಿ ಸೌಟು ಹಿಡಿದೇ ಅತ್ತೆ ಬಾಗಿಲಿಗೆ ಬಂದರು. ಇವರು ಆ ಸೌಟಿನ ಸಮೇತ ಅಮ್ಮನನ್ನು ತಬ್ಬಿಕೊಂಡು ಒಂದು ಸುತ್ತು ತಿರುಗಿಸಿದರು, ಗೋಡೆಗೆಲ್ಲ ಸಾರು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು. ತಪ್ಪಾಯಿತು ಎನ್ನಬೇಕಿತ್ತು. ಆಮೇಲೆ ಹೇಳೋಣ, ಮೊದಲು ಕೆಲಸ ಎಂದು ಕುಳಿತುಬಿಟ್ಟೆ.

ಫೋಟೋ ಪುಟ ತೆರೆಯಿತು, ಅದೂ ಹಿಂದೆಂದೂ ಇಲ್ಲದ ವೇಗದಲ್ಲಿ. ಇಪ್ಪತ್ತು ನಿಮಿಷ ಸ್ವರ್ಗದಲ್ಲಿದ್ದೆ. ಆಮೇಲೆ ಪರದೆ ಹಾಗೆಯೇ ಕಲ್ಲಾಯಿತು. ಕೀಲಿ ಒತ್ತಿದರೆ ಉತ್ತರವಿಲ್ಲ. ಆರಿಸಿ ಹಾಕಿದರೆ ಮತ್ತೆ ಐದು ಸಾವಿರದ ನೂರಿಪ್ಪತ್ತು ಎಣಿಸುತ್ತದೆ, ಕಾಲು ಗಂಟೆ ಕೆಲಸ ಮಾಡುತ್ತದೆ, ನಿಲ್ಲುತ್ತದೆ. ಶನಿವಾರವೂ ಇದೇ ಪಾಡು. ಸಂಜೆ ಇವರು ತಲೆ ಕೆರೆದುಕೊಂಡು ಅಮ್ಮನ ಕಡೆ ತಿರುಗಿ, "ಹುಳಿ ಮೆಮರಿ ಚಿಪ್ಪಿನ ಒಳಗೆ ಇಳಿದಿರಬೇಕಮ್ಮ. ಬಿಸಿಯಾದಾಗ ಅದು ತೊಂದರೆ ಕೊಡ್ತಿದೆ" ಎಂದರು.

ಊಟಕ್ಕೆ ಬಡಿಸುವಾಗ ಅತ್ತೆ ತಟ್ಟೆಯನ್ನೇ ನೋಡುತ್ತಾ, "ಇನ್ನು ನಿಮ್ಮ ಸಾಮಾನು ನಾನು ಮುಟ್ಟಲ್ಲಪ್ಪ" ಎಂದರು. ಆಮೇಲೆ ಹಾಲಿಗೇ ಬರಲಿಲ್ಲ. ಅಷ್ಟು ವರ್ಷ ಮನೆ ನಡೆಸಿದ ಹೆಂಗಸು ತನ್ನದೇ ಮನೆಯಲ್ಲಿ ಗೋಡೆ ಬದಿಯಲ್ಲಿ ನಡೆಯುವಂತಾಯಿತು. ನನ್ನ ಪುಟಗಳೂ ಮುಗಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ತಲೆ ಸ್ವಲ್ಪ ತಣ್ಣಗಾದ ಮೇಲೆ ಒಂದು ಸರಳ ವಿಷಯ ಹೊಳೆಯಿತು. ಹುಣಸೆಹಣ್ಣು ತಾಗಿದ್ದು ಹೊಸ ಪಟ್ಟಿಗಳಿಗೆ ತಾನೇ? ಅವನ್ನು ತೆಗೆದೇ ನೋಡಿದರಾಯಿತು. ನಾಲ್ಕನ್ನೂ ತೆಗೆದಿಟ್ಟು, ಹಳೆಯ ಒಂದೇ ಎಂಬಿಯಲ್ಲಿ, ಫೋಟೋ ಇಲ್ಲದ, ಸಂಘದ ಅಧ್ಯಕ್ಷರ ಭಾಷಣ ಟೈಪು ಮಾಡುತ್ತಾ ಕುಳಿತೆ. ಭಾಷಣ ಅರ್ಧಕ್ಕೆ ಬರುವಷ್ಟರಲ್ಲಿ ಪರದೆ ಕಲ್ಲಾಯಿತು. ಮೊನ್ನೆ ಬುಧವಾರದವರೆಗೆ ಇದೇ ಮೆಮರಿಯಲ್ಲಿ ಇಂಥ ಭಾಷಣಗಳನ್ನು ದಿನಗಟ್ಟಲೆ ಟೈಪು ಮಾಡಿದ್ದೆ, ಒಮ್ಮೆಯೂ ನಿಂತಿರಲಿಲ್ಲ. ಹಾಗಾದರೆ ಪಟ್ಟಿಗಳದು ತಪ್ಪಲ್ಲ. ಬುಧವಾರದಿಂದೀಚೆಗೆ ಬೇರೆ ಏನೋ ಬದಲಾಗಿದೆ.

ಇವರು ಪೇಪರು ಓದುತ್ತಿದ್ದರು. "ರೀ, ಅವತ್ತು ಮುಚ್ಚಳ ತೆಗೆದಾಗ ಮೆಮರಿ ಬಿಟ್ಟು ಇನ್ನೇನು ಮುಟ್ಟಿದ್ರಿ?" ಎಂದು ಕೇಳಿದೆ.

ಪೇಪರು ಮುಖದ ಮುಂದಿನಿಂದ ಕೆಳಗಿಳಿಯಲೇ ಇಲ್ಲ. ನಾನೇ ಎಳೆದೆ. ಮುಖ ನೋಡಿದರೆ ಬೆಲ್ಲದ ಡಬ್ಬಕ್ಕೆ ಕೈಹಾಕಿ ಸಿಕ್ಕಿಬಿದ್ದ ಮಗುವಿನದು. ಎದ್ದು ಹೋಗಿ ಶೇವಿಂಗ್ ಡಬ್ಬಿಯಿಂದ ಹತ್ತಿಯಲ್ಲಿ ಸುತ್ತಿದ ಒಂದು ಸಣ್ಣ ತಗಡಿನ ತುಂಡು ತಂದು ನನ್ನ ಅಂಗೈಯಲ್ಲಿಟ್ಟರು. ಅದಕ್ಕೆ ಕ್ರಿಸ್ಟಲ್ ಎನ್ನುತ್ತಾರೆ, ಯಂತ್ರಕ್ಕೆ ತಾಳ ಹಾಕುವುದು ಅದೇ. ಲ್ಯಾಮಿಂಗ್ಟನ್ ರೋಡಿನಲ್ಲಿ ಅದಕ್ಕಿಂತ ಚುರುಕಾದ ತಾಳದ್ದು ಸಿಕ್ಕಿತಂತೆ. ಮೆಮರಿ ಹಾಕಿದ ಕೈಯಲ್ಲೇ ಅದನ್ನೂ ಬದಲಾಯಿಸಿದ್ದರು. ಇಪ್ಪತ್ತೈದು ಮೆಗಾಹರ್ಟ್ಸ್ ವೇಗಕ್ಕೆ ಓಡಬೇಕಾದ ಯಂತ್ರ ಮೂವತ್ತಮೂರಕ್ಕೆ ಓಡುತ್ತಿತ್ತು. ಅಷ್ಟು ಓಡಿ ಅಭ್ಯಾಸವಿಲ್ಲದೆ, ಕಾದು ಸುಸ್ತಾಗಿ ನಿಲ್ಲುತ್ತಿತ್ತು.

"ನಿನ್ನ ಕೆಲಸ ಬುಧವಾರದೊಳಗೆ ಮುಗೀಲಿ ಅಂತ ಮಾಡಿದ್ದು. ಆಮೇಲೆ ಹೇಳಿ ಖುಷಿಪಡಿಸೋಣ ಅಂತಿದ್ದೆ."

"ನಿನ್ನೆ ತಪ್ಪನ್ನು ಅಮ್ಮನ ಮೇಲೆ ಹಾಕಿದಾಗ ಇದು ನೆನಪಿರಲಿಲ್ವಾ?"

"ಇತ್ತು" ಎಂದರು ಮೆಲ್ಲಗೆ. "ಇದಲ್ಲದೇ ಇರಲಿ ದೇವರೇ ಅಂತ ಆಸೆಪಟ್ಟೆ."

ನನಗೆ ಬಂದ ಕೋಪಕ್ಕೆ ಆ ಕ್ರಿಸ್ಟಲನ್ನು ಅವರ ಕಾಫಿಗೆ ಹಾಕಬೇಕು ಅನ್ನಿಸಿತು. ಆದರೆ ಗುರುವಾರ ಕೂಗಾಡಿದವಳು ನಾನೇ ತಾನೇ. ಯಂತ್ರಕ್ಕೆ ಕೈ ಹಚ್ಚುವ ಮೊದಲು ಇಬ್ಬರೂ ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ಸಾಲಾಗಿ ನಿಂತೆವು. ಅವರು ಬೀನ್ಸ್ ನಾರು ತೆಗೆಯುತ್ತಿದ್ದರು.

"ಅಮ್ಮ, ನಿನ್ನ ಹುಣಸೆಹಣ್ಣು ಸರಿಯಾಗೇ ಕೆಲಸ ಮಾಡಿತ್ತು, ಹಲ್ಲಿನ ಕಪ್ಪೇ ಅಡ್ಡ ಆಗಿದ್ದದ್ದು. ನಾನೇ ಯಂತ್ರಕ್ಕೆ ಜಾಸ್ತಿ ಓಡೋ ಹಾಗೆ ಬೇರೆ ಏನೋ ಹಾಕಿದ್ದೆ. ತಪ್ಪು ನಂದು."

"ಮೊದಲು ಓಡ್ತಿದ್ದದ್ದಕ್ಕೆ ಏನಾಗಿತ್ತೋ?"

"ಏನೂ ಆಗಿರಲಿಲ್ಲ."

"ಮತ್ತೆ?"

ನಾನು "ನಂದೂ ತಪ್ಪಾಯ್ತು ಅತ್ತೆ, ಅವತ್ತು ಹಾಗೆ ಅನ್ನಬಾರದಿತ್ತು" ಎಂದೆ. ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಅತ್ತೆ ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಲು ಶುರುವಾಯಿತು. ಬೀನ್ಸ್ ಚೆಲ್ಲಿಹೋಗುವಷ್ಟು ನಕ್ಕರು. "ಹೋಗಿ ಹೋಗಿ, ಆ ಹಳೇದನ್ನೇ ಹಾಕ್ಕೊಳ್ಳಿ. ಬುಧವಾರಕ್ಕೆ ಇನ್ನೆಷ್ಟು ದಿನ ಇದೆ?" ಎಂದು ಇಬ್ಬರನ್ನೂ ಅಟ್ಟಿದರು.

ಹಳೆಯ ಕ್ರಿಸ್ಟಲ್ ಹಾಕಿ, ನಾಲ್ಕು ಪಟ್ಟಿಗಳನ್ನು ಮತ್ತೆ ಸಿಕ್ಕಿಸಿದೆವು. ಎಣಿಕೆ ಪೂರ್ತಿ ಬಂತು. ಆಮೇಲೆ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಸೋಮವಾರ, ಮಂಗಳವಾರ ನಾನು ಕುರ್ಚಿ ಬಿಟ್ಟು ಎದ್ದದ್ದೇ ಅಪರೂಪ. ಅತ್ತೆ ತಟ್ಟೆ ತಂದು ಕೀಬೋರ್ಡಿನ ಪಕ್ಕದಲ್ಲಿಟ್ಟು, ಪ್ರಿಂಟರಿನಿಂದ ಬಂದ ಪುಟಗಳನ್ನು ಕನ್ನಡಕ ಹಾಕಿಕೊಂಡು ಓದಿ, ನನ್ನ ಪ್ರೂಫ್ ಕಣ್ಣಿಗೆ ತಪ್ಪಿದ ಎರಡು ಕಾಗುಣಿತ ಹಿಡಿದುಕೊಟ್ಟರು. ಬುಧವಾರ ಸಂಜೆ ಐದಕ್ಕೆ ಪುಟಗಳ ಕಟ್ಟು ಮಾಟುಂಗದ ಪ್ರೆಸ್ಸಿನ ಮೇಜಿನ ಮೇಲಿತ್ತು. ಯಜಮಾನರು ತಿರುವಿ ನೋಡಿ "ಆಯ್ತು, ನೋಡುವ" ಎಂದಷ್ಟೇ ಹೇಳಿದರು. ಹೌದು ಎಂದೂ ಇಲ್ಲ, ಇಲ್ಲ ಎಂದೂ ಇಲ್ಲ. ಬರುವ ದಾರಿಯುದ್ದಕ್ಕೂ ಆ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಅರ್ಥವಾಗಲಿಲ್ಲ.

ಎರಡು ದಿನ ಬಿಟ್ಟು ನಾನು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಫೋನು ಬಡಿಯಿತು. ಟವೆಲು ಸುತ್ತಿಕೊಂಡು ಹೊರಗೆ ಓಡಿಬರುವಷ್ಟರಲ್ಲಿ ಅತ್ತೆ ಎತ್ತಿಯಾಗಿತ್ತು. ಆ ಕಡೆಯಿಂದ ಯಜಮಾನರ ದೊಡ್ಡ ದನಿ ನನ್ನವರೆಗೂ ಕೇಳುತ್ತಿತ್ತು: ಇನ್ನೊಂದು ಪುಸ್ತಕ ಬಂದಿದೆ, ದೊಡ್ಡದು, ಸೊಸೆ ಮಾಡಿಯಾಳೋ ಇಲ್ಲವೋ ಕೇಳಿ ಹೇಳಿ.

ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಕೇಳಲಿಲ್ಲ.

"ಕಳಿಸಿಕೊಡಿ" ಎಂದರು ಫೋನಿಗೆ. "ನಾವು ಮಾಡ್ಕೊಡ್ತೀವಿ."