ಸಾಹೇಬರು ನೋಡಲು ಬಂದ ಚರಕ

ಪುಕ್ಕಟೆ ಏನಾದರೂ ಸಿಗುತ್ತದೆಂದರೆ ಅಪ್ಪನಿಗೆ ಅನುಮಾನ. ಗಡಹಿಂಗ್ಲಜದ ಕಾಕಾ ನಮ್ಮ ಅರ್ಜಿ ಬರೆದುಕೊಡುತ್ತೇನೆಂದಾಗಲೂ, “ಅವರಿಗೇನ ಲಾಭ?” ಎಂದು ಅವ್ವನನ್ನು ಕೇಳಿದ್ದ. ಕಾಕಾ ಬೆಲ್ಲದ ವ್ಯಾಪಾರಿ. ಇಚಲಕರಂಜಿಯ ಸಂತೆಗೆ ಬಂದಾಗ ನಮ್ಮ ಓಣಿಯ ಕಟ್ಟೆಯ ಮೇಲೆ ಕೂತು, ಮರಾಠಿ ಬರೆಯಲು ಬಾರದ ನಮ್ಮಂಥವರ ಸರ್ಕಾರಿ ಅರ್ಜಿಗಳನ್ನು ಬರೆದುಕೊಡುತ್ತಿದ್ದರು. ಯಾರ ಮನೆಯ ಚಹಾವನ್ನೂ ಮುಟ್ಟುತ್ತಿರಲಿಲ್ಲ.

ಅವ್ವ ಮನೆಯಲ್ಲೇ ಕೈಚರಕದಲ್ಲಿ ಕಾಂಡಿ ಸುತ್ತುತ್ತಿದ್ದಳು. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸುರುಳಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಮೋಟರಿನ ಯಂತ್ರ ಕೊಳ್ಳಲು ಸರ್ಕಾರ ಅನುದಾನ ಕೊಡುತ್ತದೆಂದು ತಿಳಿಸಿದವರೂ ಕಾಕಾನೇ. ಅಪ್ಪ ಪಾವರ್‌ಲೂಮಿನಲ್ಲಿ ದುಡಿದು ದುಡಿದು ಎದೆ ಹಾಳು ಮಾಡಿಕೊಂಡಿದ್ದ. “ಮಷಿನ್ ಬರಲಿ, ನಿಮ್ಮನ್ನ ಮನ್ಯಾಗ ಕೂಡ್ರಸ್ತೇನಿ” ಎನ್ನುತ್ತಿದ್ದಳು ಅವ್ವ.

“ಕೊಲ್ಹಾಪುರದ ಸಾಹೇಬ್ರು ಮನೀಗಿ ಬಂದು ನೋಡಿ ಹೋಗ್ತಾರ, ತಂಗಿ” ಎಂದು ಕಾಕಾ ಹೇಳಿಹೋದರು. ದೊಡ್ಡವರು ಬರುವಾಗ ಮನೆ ಹೇಗಿರಬೇಕೆಂದು ಅವ್ವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನೆಲ ಸಾರಿಸಿ, ರಂಗೋಲಿ ಹಾಕಿ, ಶಿರಾ ಮಾಡಿದಳು. ನೂಲು, ಚರಕ ಎಲ್ಲವನ್ನೂ ನಾವಿಬ್ಬರೂ ಹೊತ್ತು ಪಕ್ಕದ ಮನೆಯಲ್ಲಿಟ್ಟೆವು.

ಸಾಹೇಬರು ಶಿರಾ ತಿಂದು, ಸುತ್ತ ನೋಡಿ, “ಧಂದಾ ಕುಠಂ ಆಹೆ?” ಎಂದರು. ಧಂದೆ ಎಲ್ಲಿದೆ ಎಂದರೆ ಏನು ತೋರಿಸುವುದು? ನಾನು ಓಡಿಹೋಗಿ ಚರಕ ತಂದೆ. ನೆರೆಮನೆಯಿಂದ ಬಂದ ಚರಕ ಕಂಡು ಅವರು ನಕ್ಕರು. ಎರವಲು ತಂದದ್ದೆಂದೇ ತಿಳಿದರು. ಅರ್ಜಿ ನಾಮಂಜೂರಾಯಿತು.

ಕಾಕಾ ಬಯ್ಯಲಿಲ್ಲ. “ಸಾಹೇಬ್ರಿಗಿ ನೂಲಿನ ಧೂಳಾ ತೋರಸ್ಬೇಕಿತ್ತು ತಂಗಿ. ನಾನ ಮೊದ್ಲ ಹೇಳಬೇಕಿತ್ತು” ಎಂದು ಮತ್ತೊಂದು ಅರ್ಜಿ ಬರೆದರು. ತಾವೇ ಕೊಲ್ಹಾಪುರದ ಬಸ್ಸು ಹತ್ತಿ ಕೊಟ್ಟು ಬಂದರು.

ಅದರ ಉತ್ತರ ಬರುವ ಮೊದಲೇ ಅಪ್ಪ ತೀರಿಕೊಂಡ.

ಇನ್ನೂ ಸೂತಕ ಕಳೆದಿರಲಿಲ್ಲ, ಮನೆ ತುಂಬ ಮಂದಿ. ಅಂಥ ಹೊತ್ತಿನಲ್ಲಿ ಸಾಹೇಬರು ಬಾಗಿಲಿಗೆ ಬಂದರು. ವಿಷಯ ತಿಳಿದು ಸುಮ್ಮನೆ ಹಿಂತಿರುಗತೊಡಗಿದರು. ಅವ್ವ ಎದ್ದಳು. “ತಡೀರಿ ಸಾಹೇಬ್ರ” ಎಂದು ಚರಕವನ್ನು ನಡುಮನೆಗೆ ಎಳೆದುಕೊಂಡು ಕೂತಳು.

ಅಪ್ಪನ ಅಕ್ಕ ಹೌಹಾರಿದಳು. “ಸೂತಕದಾಗ ಇದೇನ ಮಾಡಾಕತ್ತಿ? ಮಂದಿ ಏನಂದಾರು?”

“ಅನ್ನಲಿ ಅಕ್ಕಾ. ಇವರು ಮತ್ತ ಮತ್ತ ಬರೂದಿಲ್ಲ.”

ಸಾಹೇಬರು ಚಪ್ಪಲಿ ಬಿಟ್ಟು ಒಳಗೆ ಬಂದು, ಒಂದು ಕಾಂಡಿ ತುಂಬುವವರೆಗೆ ಕೈಕಟ್ಟಿ ನಿಂತರು. ನನಗೆ ಆ ಸಾಹೇಬರ ಮೇಲೆ, ಸರ್ಕಾರದ ಮೇಲೆ, ಕೂತಿದ್ದ ಮಂದಿಯ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಅವ್ವನ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

ಅನುದಾನ ಮಂಜೂರಾಯಿತು. ಯಂತ್ರ ಬಂದ ದಿನ ಕಾಕಾ ಮೊದಲ ಸಲ ನಮ್ಮ ಮನೆಯ ಚಹಾ ಕುಡಿದರು. ಅವರು ಹೋದ ಮೇಲೆ ಅವ್ವ ಬಟನ್ ಒತ್ತಿದಳು. ಯಂತ್ರ ಗರಗರ ತಿರುಗಿತು. ಅವಳು ನೂಲು ಹಚ್ಚದೆ ಅದನ್ನೇ ನೋಡುತ್ತ ನಿಂತಳು.

“ಇನ್ನ ಯಾರನ್ನ ಮನ್ಯಾಗ ಕೂಡ್ರಸ್ಲಿ?” ಎಂದು ಆಗ ಗೋಳೋ ಎಂದು ಅತ್ತಳು.