ನಾಲ್ಕನೇ ಹೆಜ್ಜೆ

ಸ್ಟುಡಿಯೋದ ಬೀರು ತೆಗೆದಾಗ ಮೊಣಕಾಲಿಗೆ ಕಟ್ಟುವ ಕಪ್ಪು ಪಟ್ಟಿಯೊಂದು ಕೈಗೆ ಸಿಕ್ಕಿತು. ಮೂಸಿದರೆ ಇನ್ನೂ ನೋವಿನೆಣ್ಣೆಯ ವಾಸನೆ... ಎದುರುಮನೆ ಮಾವ ಅವತ್ತು ಹಚ್ಚಿಕೊಂಡು ಬಂದಿದ್ದ ಎಣ್ಣೆ.

ಆಲ್ಕೊಳದ ನಮ್ಮ ಪುಟ್ಟ ಸ್ಟುಡಿಯೋದಲ್ಲಿ ಕಾರ್ಟೂನ್ ಮಾಡುತ್ತೇವೆ. ಮೈಗೆ ಸೆನ್ಸರ್ ಪಟ್ಟಿ ಕಟ್ಟಿಕೊಂಡವರು ನಡೆದರೆ ಪರದೆಯ ಮೇಲಿನ ಗೊಂಬೆಯೂ ಹಾಗೇ ನಡೆಯುತ್ತದೆ. ಮಕ್ಕಳ ಕಥೆಯೊಂದಕ್ಕೆ ಅಜ್ಜನ ನಡಿಗೆ ಬೇಕಿತ್ತು. ಭದ್ರಾವತಿಯ ಹಳೇನಗರದಲ್ಲಿ ನಮ್ಮ ಎದುರಿಗಿದ್ದ, ಕಾರ್ಖಾನೆಯಿಂದ ನಿವೃತ್ತರಾಗಿದ್ದ ಮಾವನನ್ನು ಕರೆತಂದೆ.

ಖುಷಿಯಾಗಿ ನಡೆಯಿರಿ ಎಂದೆ. ಅವರು ನಿಂತೇ ಇದ್ದರು.

“ಎಲ್ಲಿಗೆ ಹೋಗ್ಬೇಕು ಅಂತ ಹೇಳು ಮಾರಾಯ್ತಿ, ಹಂಗೆ ನಡೀತೀನಿ.”

ಸಂತೆಗೆ ಎಂದೆ. ನಡೆದರು. ಪರದೆಯ ಮೇಲೆ ಬರೀ ಬೂದು ಗೊಂಬೆ, ಮುಖವಿಲ್ಲ, ಮೀಸೆಯಿಲ್ಲ. ಆದರೂ ಅದು ಮಾವನೇ. ಹತ್ತು ವರ್ಷ ಇದೇ ಕೆಲಸ ಮಾಡಿಯೂ ಮನುಷ್ಯನ ಗುರುತೆಲ್ಲ ಮುಖದಲ್ಲೇ ಇದೆ ಎಂದುಕೊಂಡಿದ್ದ ದಡ್ಡಿ ನಾನು.

ಒಂದೇ ತೊಡಕು. ಪ್ರತಿ ನಾಲ್ಕನೇ ಹೆಜ್ಜೆಗೆ ಗೊಂಬೆ ತಡೆದು ನಿಂತು, ಕತ್ತು ತುಸು ಹಿಂದಕ್ಕೆ ತಿರುಗಿಸುತ್ತಿತ್ತು. ಸೆನ್ಸರ್ ತಪ್ಪಿರಬೇಕೆಂದು ಅದನ್ನು ಅಳಿಸಿ, ನಡಿಗೆ ನಯ ಮಾಡಿ, ಹೆಮ್ಮೆಯಿಂದ ತೋರಿಸಿದೆ. ಮಾವನ ಮುಖ ಸಪ್ಪಗಾಯಿತು.

“ಇದು ನಾನಲ್ಲ. ನಿಮ್ಮತ್ತೆ ಹಿಂದೆ ಬರ್ತಿದ್ಳಲ್ಲ, ಅವಳಿಗೋಸ್ಕರ ನಿಲ್ಬೇಕಿತ್ತು.”

ಅತ್ತೆ ತೀರಿಕೊಂಡು ಆಗಲೇ ಹನ್ನೆರಡು ವರ್ಷವಾಗಿತ್ತು. ಚೀಲ ಹಿಡಿದ ಮಾವ ಮುಂದೆ, ಮಂಡಿನೋವಿನ ಅತ್ತೆ ಹಿಂದೆ... ಚಿಕ್ಕಂದಿನಲ್ಲಿ ಎಷ್ಟು ಸಲ ನೋಡಿದ್ದೆ, ಮರೆತೇಬಿಟ್ಟಿದ್ದೆ. ಅಳಿಸಿದ್ದನ್ನು ವಾಪಸ್ ತಂದೆ. ಅವಳನ್ನೂ ನಡೆಸಲಿಕ್ಕೆ ಆಗುತ್ತದೆಯೇ ಎಂದು ಮಾವ ಮೆಲ್ಲಗೆ ಕೇಳಿದರು. ಮನೆಯಲ್ಲಿದ್ದದ್ದು ಅತ್ತೆಯ ಎರಡು ಫೋಟೋ ಮಾತ್ರ. ಆಕೆ ನಡೆದಾಡಿದ್ದು ಯಾವ ವಿಡಿಯೋದಲ್ಲೂ ಉಳಿದಿರಲಿಲ್ಲ. ಯಾರಾದರೂ ನಡೆದು ತೋರಿಸಬೇಕಲ್ಲ ಮಾವ ಎಂದೆ.

ಆ ಆರಡಿ ಆಳು ಎದ್ದರು. ಇಲ್ಲದ ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ತುಸು ಎತ್ತಿ ಹಿಡಿದರು. ಹೆಗಲು ಕುಗ್ಗಿತು. ಬಲಗಾಲು ಎಳೆಯುತ್ತಾ, ಎಡಗಾಲನ್ನು ಅವಸರವಾಗಿ ಮುಂದಿಡುತ್ತಾ... ಪರದೆಯ ಮೇಲೆ ಅತ್ತೆ ಬಂದರು. ನಾನು ಬಾಯಿಗೆ ಕೈ ಅಡ್ಡ ಹಿಡಿದು ಕೂತೆ. ಮುಂದೆ ನಡೆಯುತ್ತಿದ್ದವರು ಇಷ್ಟನ್ನೆಲ್ಲ ಯಾವಾಗ ನೋಡಿದ್ದರು? ಹಾಗೆ ನಾಲ್ಕು ಹೆಜ್ಜೆಗೊಮ್ಮೆ ನಿಂತಾಗಲೇ ಇರಬೇಕು.

ಹೋದ ವರ್ಷ ಮಾವನೂ ತೀರಿಕೊಂಡರು. ಇವತ್ತು ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಅವತ್ತು ಇಬ್ಬರನ್ನೂ ಸೇರಿಸಿಟ್ಟಿದ್ದ ಫೈಲ್ ತೆರೆದೆ. ಎರಡು ಬೂದು ಗೊಂಬೆಗಳು ಸಂತೆಗೆ ಹೊರಟವು. ಎರಡೂ ನಡಿಗೆ ಬಂದದ್ದು ಒಂದೇ ಮೈಯಿಂದ, ಆ ಮೈ ಈಗಿಲ್ಲ ಎಂದು ನೆನೆದು ಅಳು ಬಂತು. ಮಾವ ನಾಲ್ಕನೇ ಹೆಜ್ಜೆಗೆ ನಿಂತು ಕತ್ತು ತಿರುಗಿಸಿದರು. ಅತ್ತೆ ಹಿಂದೆಯೇ ಬರುತ್ತಿದ್ದರು.